ಮನೆವಾರ್ತೆ: ಹಳೆಯ ಟಿ-ಶರ್ಟುಗಳ ಗಂಟು

ಹಬ್ಬ ಬಂತೆಂದರೆ ನಮಗೆ ಹೆಂಗಸರಿಗೆ ಮೊದಲು ಕಣ್ಣಿಗೆ ಬೀಳುವುದು ಹೋಳಿಗೆಯಲ್ಲ, ಅಟ್ಟ. ಧೂಳು ಹೊಡೆಯಬೇಕು, ಡಬ್ಬಿ ತೊಳೆಯಬೇಕು, ಕಪಾಟು ಖಾಲಿ ಮಾಡಿ ಹೊಸ ಪೇಪರು ಹಾಸಬೇಕು. ಹೋದ ವರ್ಷ ದಸರೆಗೆ ಮುಂಚೆ ನಾನೂ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತೆ. ಮಗನ ಕಪಾಟಿನ ಕೆಳಗಿನ ಅರೆಯಿಂದ ಟಿ-ಶರ್ಟುಗಳನ್ನು ಎಳೆದು ಮಂಚದ ಮೇಲೆ ಸುರಿದೆ. ಎಣಿಸಿ ನೋಡುತ್ತೇನೆ, ಮೂವತ್ತೊಂದು!

ನಿಮ್ಮ ಮನೆಯಲ್ಲೂ ಇದೇ ಕಥೆಯಲ್ಲವೆ? ಈಗ ಊರಲ್ಲಿ ಏನು ನಡೆದರೂ ಟಿ-ಶರ್ಟು ಹಂಚುತ್ತಾರೆ. ಓಟದ ಸ್ಪರ್ಧೆಗೊಂದು, ರಕ್ತದಾನದ ಶಿಬಿರಕ್ಕೊಂದು, ಗಣಪತಿ ಕೂರಿಸಿದ ಹುಡುಗರಿಗೆಲ್ಲ ಒಂದೇ ಬಣ್ಣದ್ದು, ರಾಜ್ಯೋತ್ಸವಕ್ಕೆ ಹಳದಿ ಕೆಂಪಿನದು, ಕ್ರಿಕೆಟ್ಟಿಗೆ ಆರ್‌ಸಿಬಿಯದು. ಕೆಲಸಕ್ಕೆ ಸೇರಿದರೆ ಕಂಪನಿಯದು, ಕೆಲಸ ಬಿಟ್ಟರೂ ಆ ಟಿ-ಶರ್ಟು ಮಾತ್ರ ಮನೆ ಬಿಡುವುದಿಲ್ಲ. ಮೊದಲಿನ ಅಂಗಿಗಳಾದರೆ ಕಾಲರು ಸವೆಯುತ್ತಿತ್ತು, ದರ್ಜಿ ತಿರುಗಿಸಿ ಹೊಲಿದುಕೊಡುತ್ತಿದ್ದ, ಅದೂ ಸವೆದ ಮೇಲೆ ಅಂಗಿಯ ಆಯುಸ್ಸು ಮುಗಿಯಿತೆಂದು ಎಲ್ಲರಿಗೂ ತಿಳಿಯುತ್ತಿತ್ತು. ಈ ಟಿ-ಶರ್ಟು ಹರಿಯುವುದೇ ಇಲ್ಲ. ಕುತ್ತಿಗೆ ಜೋತು ಬೀಳುತ್ತದೆ, ಬಣ್ಣ ಮಾಸುತ್ತದೆ, ಕಪಾಟಿನ ತಳ ಸೇರುತ್ತದೆ, ಅಷ್ಟೆ.

ಹಳೇ ಬಟ್ಟೆಗೆ ಪಾತ್ರೆ ಕೊಡುವಾಕೆ ನಮ್ಮ ಓಣಿಗೆ ಬರುತ್ತಾಳಲ್ಲ, ಅವಳಿಗೆ ತೋರಿಸಿದೆ. ಮುಟ್ಟಿಯೂ ನೋಡಲಿಲ್ಲ. "ಈ ಬನೀನ್ ಅರಿವಿ ಬ್ಯಾಡ್ರೀ ಅಕ್ಕಾರ. ಪ್ಯಾಂಟ್ ಇದ್ರ ಕೊಡ್ರಿ, ಜರಿ ಸೀರಿ ಇದ್ರ ಕೊಡ್ರಿ" ಎಂದಳು. ಒಂದು ಚಮಚಕ್ಕೂ ಬೆಲೆಯಿಲ್ಲದ ಗಂಟು!

ಸರಿ, ಕತ್ತರಿ ತಂದೆ. ಒರೆಸುವ ಬಟ್ಟೆಗೆ ಯಾವ ಮನೆಯಲ್ಲಿ ಬರವಿಲ್ಲ ಹೇಳಿ? ಹತ್ತಿಯದಾಗಿ, ಮೆತ್ತಗೆ, ನೀರು ಚೆನ್ನಾಗಿ ಹೀರುವಂಥದು ಯಾವುದೆಂದು ಕೈಯಲ್ಲೇ ಹಿಸುಕಿ ನೋಡಿದೆ. ಒಂದು ಬಿಳಿಯದು ಸಿಕ್ಕಿತು. ಮೈತುಂಬ ಪೆನ್ನಿನಿಂದ ಗೀಚಿದ್ದರು, ಹಸಿರು, ನೀಲಿ, ಕೆಂಪು ಶಾಯಿಯಲ್ಲಿ. ಹುಡುಗಾಟದಲ್ಲಿ ಯಾರೋ ಹಾಳು ಮಾಡಿದ್ದಾರೆಂದುಕೊಂಡು, ಇದು ಇನ್ನು ತೊಡುವಂಥದಲ್ಲವೆಂದು ನಾಲ್ಕು ತುಂಡು ಮಾಡಿದೆ. ಎರಡು ಅಡಿಗೆ ಕಟ್ಟೆಗೆ, ಎರಡು ನೆಲಕ್ಕೆ. ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡೆ.

ಆಯುಧಪೂಜೆಯ ಹಿಂದಿನ ರಾತ್ರಿ ಮಗ ಬೆಂಗಳೂರಿನಿಂದ ಬಂದ. ಬೆಳಿಗ್ಗೆ ಕಾಫಿಗೆಂದು ಅಡಿಗೆಮನೆಗೆ ಬಂದವನು ಕಟ್ಟೆಯ ಮೇಲಿದ್ದ ಬಟ್ಟೆಯನ್ನು ನೋಡಿ ಹಾಗೇ ನಿಂತ.

"ಅಮ್ಮಾ, ಇದು ಎಲ್ಲಿತ್ತು?"

"ನಿನ್ನ ಕಪಾಟಲ್ಲೇ ಇತ್ತಲ್ಲೋ. ಯಾಕೆ?"

"ಏನಿಲ್ಲ" ಎಂದ. ಬಟ್ಟೆಯನ್ನು ತೆಗೆದುಕೊಂಡು ಹಿತ್ತಿಲ ನಲ್ಲಿಗೆ ಹೋದ. ಸಾಬೂನು ಹಚ್ಚಿ, ಎಣ್ಣೆ ಜಿಡ್ಡು ಹೋಗುವ ತನಕ ಮೆಲ್ಲಗೆ ತಿಕ್ಕಿ, ತನ್ನ ಕೋಣೆಯ ಕಿಟಕಿಗೆ ಒಣಗಹಾಕಿಕೊಂಡ. ಇಪ್ಪತ್ನಾಲ್ಕು ವರ್ಷದ ಹುಡುಗ, ತನ್ನ ಬನಿಯನ್ನೂ ಒಗೆದುಕೊಂಡವನಲ್ಲ.

ಮಧ್ಯಾಹ್ನ ನಮ್ಮೆಜಮಾನರು ಮೆಲ್ಲಗೆ ಹೇಳಿದರು. ಕಾಲೇಜಿನ ಕಡೆಯ ದಿವಸ ಹುಡುಗರು ಒಬ್ಬರ ಅಂಗಿಯ ಮೇಲೆ ಒಬ್ಬರು ಹೆಸರು ಬರೆಯುತ್ತಾರಂತೆ. ಅದು ಆ ಅಂಗಿ. ಅದರ ಎದೆಯ ಮೇಲೆ ಇವನ ಹಾಸ್ಟೆಲಿನ ಗೆಳೆಯನ ಹೆಸರೂ ಇತ್ತು. ಆ ಹುಡುಗನನ್ನು ನಾನೂ ಬಲ್ಲೆ. ಎರಡು ಸಂಕ್ರಾಂತಿಗೆ ನಮ್ಮ ಮನೆಗೆ ಬಂದಿದ್ದ, ಸಜ್ಜೆ ರೊಟ್ಟಿಗೆ ಗುರೆಳ್ಳು ಪುಡಿ ಸಾಲದೆಂದು ಡಬ್ಬಿಯನ್ನೇ ಎಳೆದುಕೊಳ್ಳುತ್ತಿದ್ದ. ಕಾಲೇಜು ಮುಗಿದ ಎಂಟೇ ತಿಂಗಳಿಗೆ ಹೆದ್ದಾರಿಯಲ್ಲಿ ಬೈಕು ಅಪಘಾತವಾಗಿ ಹೋಗಿಬಿಟ್ಟ. ನಾನು ಕತ್ತರಿ ಹಾಕಿದ್ದು ಸರಿಯಾಗಿ ಆ ಹೆಸರಿನ ನಡುವೆ. ಅರ್ಧ ಕಟ್ಟೆಯ ಬಟ್ಟೆಯಲ್ಲಿತ್ತು. ಇನ್ನರ್ಧಕ್ಕೆಂದು ಬಚ್ಚಲಿಗೆ ಓಡಿಹೋಗಿ ಬಕೀಟಿನಲ್ಲಿ ಹುಡುಕಿದೆ. ನೆಲ ಒರೆಸುವ ನೀರಿನಲ್ಲಿ ವಾರವಿಡೀ ನೆಂದು ಶಾಯಿಯ ಗುರುತೂ ಉಳಿದಿರಲಿಲ್ಲ.

ಅವನು ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಹಬ್ಬ ಮುಗಿಸಿ, ಒಣಗಿದ ತುಂಡನ್ನು ಮಡಿಸಿ ಚೀಲದಲ್ಲಿಟ್ಟುಕೊಂಡು ಹೋದ.

ಪಡಸಾಲೆಯಲ್ಲಿ ಎಲೆಯಡಿಕೆ ಹಾಕುತ್ತ ಕೂತಿದ್ದ ನಮ್ಮ ಅತ್ತೆಯವರು ಎಲ್ಲ ಕೇಳಿಸಿಕೊಂಡು ಒಂದೇ ಮಾತು ಹೇಳಿದರು. "ಕೇಳಿ ಕತ್ತರಿ ಹಾಕಬೇಕಿಲ್ಲೇನವಾ?"

ಅದಕ್ಕೇ, ಈ ಸಲ ಟಿ-ಶರ್ಟಿನ ವಿಷಯ ಬರೆಯುತ್ತೇನೆಂದು ಹೊರಟವಳು ಇಷ್ಟು ಉದ್ದ ಪೀಠಿಕೆ ಹಾಕಿದೆ. ಗಂಟು ಬಿಚ್ಚುವ ದಿನ ಆ ಬಟ್ಟೆಯ ಒಡೆಯ ಎದುರಿಗಿರಲಿ, ಅಥವಾ ಫೋನಿನಲ್ಲಾದರೂ ಇರಲಿ. ಇಡುವುದು, ಕೊಡುವುದು, ಕತ್ತರಿಸುವುದು ಎಂದು ಮೂರು ಗುಡ್ಡೆ ಮಾಡಿ. ಇನ್ನೂ ತೊಡುವ ಹಾಗಿರುವುದನ್ನು ಒಗೆದು, ಇಸ್ತ್ರಿ ಮಾಡಿ, ಬೇಕಾದವರಿಗೆ ಕೊಡಿ. ಹರಿದದ್ದನ್ನು ದಾನ ಕೊಡಬೇಡಿ, ಅದು ದಾನವಲ್ಲ.

ಉಳಿದದ್ದು ಕತ್ತರಿಸುವ ಗುಡ್ಡೆ. ಮೊದಲು ಬಟ್ಟೆಯ ಜಾತಿ ಗೊತ್ತಾಗಬೇಕು. ಒಳಗಿನ ಅಂಚಿನಿಂದ ಬೆರಳುದ್ದ ತುಂಡು ಕತ್ತರಿಸಿ, ಇಕ್ಕಳದಲ್ಲಿ ಹಿಡಿದು, ಕೆಳಗೆ ನೀರಿನ ಬೋಗುಣಿಯಿಟ್ಟುಕೊಂಡು ಕಡ್ಡಿ ಗೀರಿ. ಸೆರಗು ದೂರವಿರಲಿ. ಕಾಗದ ಸುಟ್ಟ ವಾಸನೆ ಬಂದು, ಬೂದಿ ಬೆರಳಿಗೆ ಪುಡಿಯಾದರೆ ಹತ್ತಿ. ಮುದುಡಿ, ಕರಗಿ, ಕಪ್ಪು ಗಟ್ಟಿ ಮಣಿಯಾಗಿ ನಿಂತರೆ ಪಾಲಿಯೆಸ್ಟರು. ಎರಡರ ಗುಣವೂ ಕಂಡರೆ ಬೆರಕೆ. ಆಟದ ಜೆರ್ಸಿಗಳು, ಬೆವರು ಬೇಗ ಆರುತ್ತದೆಂದು ಮಾರುವ ನುಣುಪು ಟಿ-ಶರ್ಟುಗಳು ಹೆಚ್ಚಾಗಿ ಪಾಲಿಯೆಸ್ಟರೇ.

ಇದನ್ನೇಕೆ ಇಷ್ಟು ಒತ್ತಿ ಹೇಳುತ್ತೇನೆಂದರೆ, ಪಾಲಿಯೆಸ್ಟರ್ ಬಟ್ಟೆಯಿಂದ ಬಿಸಿ ಪಾತ್ರೆ ಹಿಡಿಯಲೇಬಾರದು. ನಮ್ಮ ಓಣಿಯ ಹೊಸ ಸೊಸೆಯೊಬ್ಬಳು ಮೈದುನನ ಜೆರ್ಸಿಯನ್ನು ಮಡಿಸಿ ತವೆ ಇಳಿಸಲು ಹೋದಳು. ಬಟ್ಟೆ ಕರಗಿ ತವೆಗೆ ಅಂಟಿತು, ಪುಣ್ಯಕ್ಕೆ ಬೆರಳಿಗೆ ಅಂಟಲಿಲ್ಲ. ಬಿಸಿ ಹಿಡಿಯುವ ಬಟ್ಟೆಗೆ ಅಪ್ಪಟ ಹತ್ತಿಯೇ ಬೇಕು, ಅದೂ ನಾಲ್ಕು ಪದರ ಮಡಿಸಿ, ಒಣಗಿದ್ದು. ಒದ್ದೆ ಬಟ್ಟೆಯಲ್ಲಿ ಬಿಸಿ ಬೇಗ ಹಾಯುತ್ತದೆ. ರಬ್ಬರಿನಂತೆ ಮೇಲೆ ಕೂತ ಚಿತ್ರವಿದೆಯಲ್ಲ, ಅದನ್ನೂ ಒಲೆಯ ಹತ್ತಿರ ತರಬೇಡಿ. ಜೆರ್ಸಿಗಳನ್ನು ಮಿಕ್ಸಿಗೆ, ಹೊಲಿಗೆ ಯಂತ್ರಕ್ಕೆ ಧೂಳಿನ ಹೊದಿಕೆ ಮಾಡಿ, ಸೈಕಲ್ಲಿನ ಸೀಟಿಗೆ ಕಟ್ಟಿ, ಕತ್ತರಿಸಿ ದಿಂಬಿನೊಳಗೆ ತುಂಬಿ. ನೀರು ಒರೆಸಲು ಅವು ದಂಡ, ನೀರನ್ನು ಅತ್ತಿತ್ತ ತಳ್ಳುತ್ತವೆಯೇ ಹೊರತು ಹೀರುವುದಿಲ್ಲ.

ಹತ್ತಿಯದಕ್ಕೆ ಮಾತ್ರ ನೂರು ಕೆಲಸ. ಸೀರೆ, ಪಂಚೆಯ ಬಟ್ಟೆ ಹಾಸು ಹೊಕ್ಕಿನಿಂದ ನೇಯ್ದದ್ದು. ಕತ್ತರಿಸಿದ ಕೂಡಲೇ ಅಂಚಿನಿಂದ ಎಳೆ ಬಿಚ್ಚಿಕೊಳ್ಳುತ್ತದೆ. ಟಿ-ಶರ್ಟಿನದು ಸ್ವೆಟರಿನ ಹಾಗೆ ಕುಣಿಕೆಯೊಳಗೆ ಕುಣಿಕೆ ಹಾಕಿ ಹೆಣೆದದ್ದು. ಕತ್ತರಿಸಿದರೆ ಎಳೆ ಅಷ್ಟಾಗಿ ಬಿಚ್ಚುವುದಿಲ್ಲ, ಅಂಚು ಸುರುಳಿ ಸುತ್ತಿಕೊಳ್ಳುತ್ತದೆ. ಅಂಚು ಮಡಿಸಿ ಹೊಲಿಯುವ ಕಷ್ಟವಿಲ್ಲ. ತಮಿಳುನಾಡಿನ ತಿರುಪ್ಪೂರಿನಲ್ಲಿ ಈ ಹೆಣೆದ ಬಟ್ಟೆಯದೇ ದೊಡ್ಡ ಉದ್ಯಮ. ಅಲ್ಲಿ ಕತ್ತರಿಸಿ ಉಳಿದ ಚೂರುಗಳನ್ನು ಗ್ಯಾರೇಜಿನವರು, ಕಾರ್ಖಾನೆಯವರು ಯಂತ್ರ ಒರೆಸಲು ಕಿಲೋ ಲೆಕ್ಕದಲ್ಲಿ ಕೊಳ್ಳುತ್ತಾರೆ. ನಾವು ಮನೆಯಲ್ಲಿ ಪುಕ್ಕಟೆ ಇರುವುದನ್ನು ಬಿಸಾಡುತ್ತೇವೆ.

ಆ ಸುರುಳಿ ಸುತ್ತುವ ಗುಣದಿಂದಲೇ ಒಂದು ಒಳ್ಳೆಯ ಹುರಿ ಮಾಡಬಹುದು. ತೋಳಿನ ಕೆಳಗೆ ಅಡ್ಡಕ್ಕೆ ನೇರವಾಗಿ ಕತ್ತರಿಸಿ, ಕೆಳಗಿನ ಮಡಿಕೆಯನ್ನೂ ತೆಗೆದುಬಿಡಿ. ಈಗ ಒಂದು ಕೊಳವೆ ಉಳಿಯಿತು. ಬದಿಯಲ್ಲಿ ಹೊಲಿಗೆಯಿಲ್ಲದ್ದಾದರೆ ಬಹಳ ಉತ್ತಮ. ಅದನ್ನು ನೆಲದ ಮೇಲೆ ಹಾಸಿ, ಒಂದು ಬದಿಯಿಂದ ಒಂದೊಂದು ಅಂಗುಲ ಅಗಲಕ್ಕೆ ಅಡ್ಡವಾಗಿ ಕತ್ತರಿಸುತ್ತ ಬನ್ನಿ. ಆದರೆ ಇನ್ನೊಂದು ಬದಿ ತಲುಪುವುದಕ್ಕೆ ಒಂದಂಗುಲ ಮುಂಚೆ ನಿಲ್ಲಿಸಿ. ಬಾಚಣಿಗೆಯ ಹಾಗೆ ಕಾಣುತ್ತದೆ. ಆಮೇಲೆ ಕತ್ತರಿಸದೆ ಬಿಟ್ಟ ಆ ಬದಿಯನ್ನು ಬಿಡಿಸಿ ತೊಡೆಯ ಮೇಲೆ ಹರಡಿ, ಈ ಕಡೆಯ ಮೊದಲನೆಯ ಸೀಳಿನಿಂದ ಆ ಕಡೆಯ ಎರಡನೆಯ ಸೀಳಿಗೆ ಓರೆಯಾಗಿ ಕತ್ತರಿಸಿ. ಹೀಗೇ ಓರೆ ಓರೆಯಾಗಿ ಮುಗಿಸಿದರೆ ಇಡೀ ಟಿ-ಶರ್ಟು ಒಂದೇ ಉದ್ದ ಪಟ್ಟಿಯಾಗುತ್ತದೆ. ಎರಡೂ ಕೈಯಿಂದ ಜಗ್ಗಿ ಎಳೆದರೆ ತಾನೇ ಸುತ್ತಿಕೊಂಡು ದುಂಡನೆಯ ಹುರಿ. ದೊಡ್ಡವರ ಟಿ-ಶರ್ಟಿನಿಂದ ಹದಿನೈದು ಮೀಟರಿಗೆ ಕಡಿಮೆಯಿಲ್ಲ. ಮೊದಲ ಸಲ ನಾನು ಓರೆ ಕತ್ತರಿಸುವುದು ಮರೆತು ಇಪ್ಪತ್ತು ಬಳೆ ಮಾಡಿಟ್ಟಿದ್ದೆ, ನೀವು ಹಾಗೆ ಮಾಡಬೇಡಿ.

ಮೂರು ಬಣ್ಣದ ಮೂರು ಹುರಿ ಸೇರಿಸಿ ಜಡೆ ಹೆಣೆದು, ಜಡೆಯನ್ನು ಚಕ್ಕುಲಿಯ ಹಾಗೆ ಸುತ್ತುತ್ತ ದಪ್ಪ ದಾರದಲ್ಲಿ ಹೊಲಿದರೆ ಬಾಗಿಲ ಮುಂದೆ ಹಾಕಲು ಕಾಲೊರೆಸು. ಮೂರು ದೊಡ್ಡ ಟಿ-ಶರ್ಟಿಗೆ ಒಂದೂವರೆ ಅಡಿ ಅಗಲದ್ದು ಆಗುತ್ತದೆ. ಹೊಲಿಯುವಾಗ ಕೈಯಲ್ಲಿ ಹಿಡಿದುಕೊಳ್ಳದೆ ನೆಲಕ್ಕೆ ಹಾಸಿಕೊಂಡೇ ಹೊಲಿಯಬೇಕು, ಬಿಗಿಯಾಗಿ ಎಳೆಯಬಾರದು. ನಾನು ಟೀವಿ ನೋಡುತ್ತ ಮಡಿಲಲ್ಲಿಟ್ಟುಕೊಂಡು ಹೊಲಿದೆ; ಅಂಚು ಮೇಲಕ್ಕೆದ್ದು ಬುಟ್ಟಿಯಾಯಿತು. ಈಗ ಅದರಲ್ಲಿ ಬೆಳ್ಳುಳ್ಳಿ ಇಡುತ್ತೇನೆ, ಬಂದವರೆಲ್ಲ ಎಲ್ಲಿ ತಂದಿರಿ ಎಂದು ಕೇಳುತ್ತಾರೆ!

ಹಿತ್ತಿಲಿರುವವರಿಗೆ ಈ ಪಟ್ಟಿಗಿಂತ ಒಳ್ಳೆಯ ಕಟ್ಟು ಇನ್ನೊಂದಿಲ್ಲ. ಟೊಮೇಟೊ, ಮಲ್ಲಿಗೆ ಬಳ್ಳಿಯನ್ನು ಕೋಲಿಗೆ ಸುತಳಿಯಿಂದ ಕಟ್ಟಿದರೆ ಕಾಂಡ ದಪ್ಪವಾದಂತೆ ಅದು ಕೊರೆಯುತ್ತದೆ. ಟಿ-ಶರ್ಟಿನ ಪಟ್ಟಿ ಗಿಡದ ಜೊತೆಗೆ ತಾನೂ ಹಿಗ್ಗುತ್ತದೆ. ಕೋಲಿಗೂ ಕಾಂಡಕ್ಕೂ ನಡುವೆ ಒಂದು ತಿರುವು ಹಾಕಿ ಸಡಿಲವಾಗಿ ಕಟ್ಟಿ.

ತೋಳು, ಕುತ್ತಿಗೆ ಕತ್ತರಿಸಿ, ಕೆಳಗೆ ಹೊಲಿದರೆ ಕೈಚೀಲ. ಯಂತ್ರವಿಲ್ಲದವರು ಕೆಳಗಿನ ಅಂಚನ್ನು ಮೂರು ಮೂರು ಅಂಗುಲ ಸೀಳಿ, ಹಿಂದಿನದು ಮುಂದಿನದು ಸೇರಿಸಿ ಗಂಟು ಹಾಕಿದರೂ ಸರಿ. ಪ್ಲಾಸ್ಟಿಕ್ ಚೀಲಗಳಿಗೆ ನಮ್ಮ ರಾಜ್ಯದಲ್ಲಿ 2016ರಲ್ಲೇ ನಿಷೇಧ ಬಂದರೂ ಸಂತೆಯಲ್ಲಿ ಇನ್ನೂ ಕೈಗೆ ಸಿಗುತ್ತವಲ್ಲ, ಅದಕ್ಕೆ ಹೇಳಿದೆ. ಆದರೆ ಈ ಚೀಲ ಸೊಪ್ಪಿಗೆ, ಹಸಿಮೆಣಸಿಗೆ, ಹೂವಿಗೆ ಮಾತ್ರ. ಎರಡು ಕಿಲೋ ಈರುಳ್ಳಿ ಹಾಕಿ ನೋಡಿ, ಮನೆ ಮುಟ್ಟುವುದರೊಳಗೆ ಚೀಲ ಮೊಣಕಾಲಿಗೆ ಬಂದಿರುತ್ತದೆ. ಇನ್ನು ತಲೆಸ್ನಾನ ಮಾಡಿದ ದಿನ ಒರಟು ಟವೆಲಿನ ಬದಲು ಮೆತ್ತನೆಯ ಟಿ-ಶರ್ಟು ಸುತ್ತಿಕೊಂಡರೆ ಕೂದಲು ಸಿಕ್ಕಾಗುವುದು ಕಡಿಮೆ. ನೀಳ ಜಡೆಯವರು ಒಮ್ಮೆ ಮಾಡಿ ನೋಡಿ.

ಎಳೆಗೂಸಿನ ಲಂಗೋಟಿಗೆ ನಮ್ಮ ಹಿರಿಯರು ಹಳೆಯ ಪಂಚೆಯನ್ನೇ ಹುಡುಕುತ್ತಿದ್ದರು. ಹೊಸ ಬಟ್ಟೆ ಚುಚ್ಚುತ್ತದೆ, ಒಗೆದೊಗೆದು ಮೆತ್ತಗಾದದ್ದು ಚುಚ್ಚುವುದಿಲ್ಲ. ಚಿತ್ರವಿಲ್ಲದ ಹತ್ತಿ ಟಿ-ಶರ್ಟಿನ ಬೆನ್ನಿನ ಭಾಗ ಅದಕ್ಕೆ ಹೇಳಿ ಮಾಡಿಸಿದಂತೆ. ಬಿಸಿನೀರಿನಲ್ಲಿ ಒಗೆದು ಚೆನ್ನಾಗಿ ಬಿಸಿಲಿಗೆ ಹಾಕಿ.

ಇನ್ನೊಂದು ಮಾತು. ಈ ಪುಟವನ್ನು ಗಂಡಸರು ಓದುವುದಿಲ್ಲವೆಂಬ ಧೈರ್ಯದಿಂದ ಬರೆಯುತ್ತೇನೆ, ಓದಿದರೂ ಅಡ್ಡಿಯಿಲ್ಲ. ತಿಂಗಳ ದಿನಗಳಿಗೆ ಹಳೆಯ ಬಟ್ಟೆ ಬಳಸುವವರು ನಮ್ಮಲ್ಲಿ ಇನ್ನೂ ಬಹಳ ಮಂದಿ ಇದ್ದಾರೆ. ಬಟ್ಟೆಯಲ್ಲಿ ತಪ್ಪಿಲ್ಲ, ಅದನ್ನು ಇಡುವ ರೀತಿಯಲ್ಲಿ ತಪ್ಪಿದೆ. ಅಂಶು ಗುಪ್ತಾ ಎಂಬವರು ದೆಹಲಿಯಲ್ಲಿ 1999ರಲ್ಲಿ ಶುರು ಮಾಡಿದ ಗೂಂಜ್ ಎಂಬ ಸಂಸ್ಥೆ, ಜನ ಕೊಟ್ಟ ಹಳೆಯ ಹತ್ತಿ ಬಟ್ಟೆಯನ್ನು ಶುಚಿ ಮಾಡಿ ಹಳ್ಳಿ ಹೆಂಗಸರಿಗಾಗಿ ಪ್ಯಾಡುಗಳನ್ನು ಮಾಡುತ್ತದೆ. ಅವರಿಗೆ 2015ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಮನೆಯಲ್ಲಿ ಮಾಡಿಕೊಳ್ಳುವುದಾದರೆ ಅಪ್ಪಟ ಹತ್ತಿಯದೇ ಇರಲಿ, ಸಾಬೂನಿನಲ್ಲಿ ಒಗೆದು ಬಿಸಿಲಿನಲ್ಲೇ ಒಣಗಿಸಿ. ನಾಚಿಕೆಯೆಂದು ಸೀರೆಯ ಅಡಿಯಲ್ಲಿ, ಬಚ್ಚಲ ಮೂಲೆಯಲ್ಲಿ ಒದ್ದೆಯಾಗಿಯೇ ಬಚ್ಚಿಡಬೇಡಿ. ಬೆಳೆದ ಮಗಳಿದ್ದರೆ ಅವಳಿಗೂ ಇದನ್ನು ಬಾಯಿಬಿಟ್ಟು ಹೇಳಿ.

ಈಗ ಕೌದಿಯ ವಿಷಯಕ್ಕೆ ಬರುತ್ತೇನೆ.

ಮಗ ಹೋದ ಮೇಲೆ ನನಗೆ ಸಮಾಧಾನವಿರಲಿಲ್ಲ. ಅವನ ಉಳಿದ ಟಿ-ಶರ್ಟುಗಳಿಂದ ಒಂದು ಕೌದಿ ಹೊಲಿದುಕೊಡೋಣವೆಂದು ಅತ್ತೆಯವರಿಗೆ ಹೇಳಿದೆ. ನಾನು ಶಿವಮೊಗ್ಗದ ಕಡೆಯವಳು, ಕೌದಿಯನ್ನು ಕಂಡದ್ದೇ ಈ ಹಾವೇರಿ ಸೀಮೆಗೆ ಬಂದ ಮೇಲೆ. ಮೊದಲೆಲ್ಲ ಕೌದಿ ಹೊಲಿಯುವ ಹೆಂಗಸರು ಮನೆಮನೆಗೆ ಬರುತ್ತಿದ್ದರಂತೆ, ಕಟ್ಟೆಯ ಮೇಲೆ ಕೂತು ಹೊಲಿದು, ಕಾಳು ಹಣ ತೆಗೆದುಕೊಂಡು ಹೋಗುತ್ತಿದ್ದರಂತೆ. ಅತ್ತೆಯವರದು ತಾವೇ ಹೊಲಿದುಕೊಂಡ ಕೈ. ಟಿ-ಶರ್ಟನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿ ನೋಡಿ, "ಇದು ಎಳದರ ಎಳದಷ್ಟು ಬರತೈತಿ. ಕೌದಿಗೆ ಬರಂಗಿಲ್ಲ ಬಿಡು" ಎಂದು ಪಕ್ಕಕ್ಕಿಟ್ಟರು. ಮಾರನೆಯ ದಿನ ತಾವೇ ಕರೆದು, "ಅಡಿಗೆ ಒಂದೊಂದು ಸೀರಿ ತುಂಡು ಕೊಟ್ಟು ಟಾಕಿ ಹಾಕಿದ್ರ ನಿಂತೀತು" ಎಂದರು. ಎಪ್ಪತ್ತೆಂಟು ವರ್ಷ ಅವರಿಗೆ. ರಾತ್ರಿಯೆಲ್ಲ ಅದನ್ನೇ ಯೋಚಿಸಿದ್ದಾರೆ.

ಮಗನಿಗೆ ಫೋನು ಮಾಡಿದೆ. ಯಾವುದಕ್ಕೆ ಕತ್ತರಿ ಹಾಕಲಿ, ಯಾವುದಕ್ಕೆ ಬೇಡ ಎಂದು ಒಂದೊಂದೇ ಹೆಸರು ಹೇಳಿ ಕೇಳಿದೆ. ಹನ್ನೆರಡಕ್ಕೆ ಹೂಂ ಎಂದ. ಮುಂದಿನ ಭಾಗದಿಂದೊಂದು, ಬೆನ್ನಿನಿಂದೊಂದು, ಹದಿಮೂರು ಅಂಗುಲದ ಚೌಕಗಳು, ಒಟ್ಟು ಇಪ್ಪತ್ನಾಲ್ಕು. ಹೊಲಿಗೆಗೆ ಸುತ್ತಲೂ ಅರ್ಧ ಅಂಗುಲ ಹೋದರೆ ಒಂದಡಿ ಚೌಕ ಉಳಿಯುತ್ತದೆ. ಅಡ್ಡಕ್ಕೆ ನಾಲ್ಕು, ಉದ್ದಕ್ಕೆ ಆರು. ಪ್ರತಿ ಚೌಕದ ಅಡಿಗೂ ಹಳೆಯ ಹತ್ತಿ ಸೀರೆಯ ಅಷ್ಟೇ ಅಳತೆಯ ತುಂಡಿಟ್ಟು ಸುತ್ತಲೂ ದೂರ ದೂರ ಟಾಕಿ ಹಾಕಿದೆವು. ಚೌಕಗಳನ್ನು ಕೂಡಿಸುವುದಕ್ಕೆ ಮಾತ್ರ ಯಂತ್ರ. ನಮ್ಮದು ಕಾಲಿನಿಂದ ತುಳಿಯುವ ಹಳೆಯ ಯಂತ್ರ, ಹೆಣೆದ ಬಟ್ಟೆ ಕಂಡರೆ ಟಾಕಿ ಬಿಡುತ್ತದೆ. ಅಡಿಗೆ ಪೇಪರಿನ ಪಟ್ಟಿಯಿಟ್ಟು ಹೊಲಿದು, ಆಮೇಲೆ ಪೇಪರು ಹರಿದು ತೆಗೆದರೆ ಸರಿಯಾಗಿ ಬರುತ್ತದೆ. ಹೆಣೆದ ಬಟ್ಟೆಗೆಂದೇ ಮೊಂಡು ತುದಿಯ ಸೂಜಿ ಸಿಗುತ್ತದೆ, ಹೊಲಿಗೆ ಸಾಮಾನಿನ ಅಂಗಡಿಯಲ್ಲಿ ಕೇಳಿ.

ತಳಕ್ಕೆ ಎರಡು ಸೀರೆ, ನಡುವೆ ಒಂದು ಪಂಚೆ, ಮೇಲೆ ಚೌಕಗಳು. ಅತ್ತೆಯವರ ಕ್ರಮದಲ್ಲಿ ಹೊಲಿಗೆ ಅಂಚಿನಿಂದ ಶುರುವಾಗಿ ಸುತ್ತುತ್ತ ಸುತ್ತುತ್ತ ನಡುವಿಗೆ ಬರಬೇಕು. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಡೆ ಸಿದ್ದಿ ಹೆಂಗಸರೂ ತಮ್ಮ ಕೌದಿಯನ್ನು ಅಂಚಿನಿಂದಲೇ ಒಳಕ್ಕೆ ಹೊಲಿಯುತ್ತ ಬರುತ್ತಾರೆ. ನಾಲ್ಕು ಮೂಲೆಗೂ ಮಡಿಸಿದ ಮೂರು ಮೂಲೆಯ ಬಟ್ಟೆಯ ಹೂ ಇಡುತ್ತಾರೆ, ಅದಕ್ಕೆ ಫುಲಾ ಎನ್ನುತ್ತಾರೆ. ಹೂವಿಲ್ಲದ ಕೌದಿ ಅವರಿಗೆ ಬತ್ತಲೆ ಇದ್ದಂತೆ. ನಾನೂ ಆಸೆಗೆ ನಾಲ್ಕು ಮೂಲೆಗೆ ಕೆಂಪು ಹೂ ಇಟ್ಟೆ. ರಬ್ಬರ್ ಚಿತ್ರವಿದ್ದ ಕಡೆ ಸೂಜಿ ಇಳಿಯದು, ಇಳಿಸಿದರೂ ತೂತು ಹಾಗೇ ಉಳಿಯುತ್ತದೆ. ಆದ್ದರಿಂದ ಚಿತ್ರದ ಸುತ್ತಲೇ ಹೊಲಿಯಬೇಕು. ಇಸ್ತ್ರಿಯನ್ನು ಚಿತ್ರದ ಮೇಲೆ ಎಂದೂ ಇಡಬೇಡಿ, ಕೂಡಿಸುವುದಕ್ಕೆ ಮೊದಲೇ ಒಳಮೈಯಿಂದ ಹಾಕಿಕೊಳ್ಳಿ.

ದೀಪಾವಳಿಗೆ ಮಗ ಬಂದಾಗ ಕೌದಿ ಅರ್ಧವಾಗಿತ್ತು. ನೋಡಿದ, ಏನೂ ಅನ್ನಲಿಲ್ಲ. ಊಟವಾದ ಮೇಲೆ ಚೀಲದಿಂದ ಆ ಬಿಳಿ ತುಂಡು ತಂದು ಹೊಲಿಗೆ ಬುಟ್ಟಿಯಲ್ಲಿಟ್ಟ. ಶಾಯಿ ಮತ್ತೆ ಮಾಸದಿರಲೆಂದು ಆ ಅಕ್ಷರಗಳ ಮೇಲೇ ನೀಲಿ ದಾರದಿಂದ ಕಸೂತಿ ಮಾಡಿದೆ. ಒಂಟಿ ಎಳೆಯಲ್ಲಿ, ಹಿಂದಕ್ಕೆ ಮುಂದಕ್ಕೆ ಹೋಗುವ ಹೊಲಿಗೆಯಲ್ಲಿ. ಅರ್ಧ ಹೆಸರು ಮುಗಿಯಿತು. "ಉಳಿದರ್ಧ ನಾನು ಕಸೂತಿಯಲ್ಲೇ ಬರೆದುಬಿಡಲೇನೋ?" ಎಂದು ಕೇಳಿದೆ. "ಬೇಡಮ್ಮ. ಅದು ಅವನು ಬರೆದದ್ದಾಗಲ್ಲ. ಇದ್ದಷ್ಟೇ ಇರಲಿ" ಎಂದ. ಹಾಗೆಯೇ ನಡುವಿನ ಚೌಕದ ಮೇಲಿಟ್ಟು ಹೊಲಿದೆ.

ಸಂಕ್ರಾಂತಿಗೆ ಕೌದಿ ಮುಗಿಯಿತು. ಮಧ್ಯಾಹ್ನದ ಬಿಡುವಿನಲ್ಲಿ ಹೊಲಿದದ್ದು, ಮೂರು ತಿಂಗಳಿಗೆ ಹತ್ತಿರವಾಯಿತು. ನಮ್ಮೆಜಮಾನರು ತಕ್ಕಡಿಗೆ ಹಾಕಿ ಒಂದೂಕಾಲು ಕಿಲೋ ಎಂದು ಸಾರಿದರು. ಹತ್ತಿ ಬೆಳೆಯುವ ಸೀಮೆ ನಮ್ಮದು. ಒಂದು ಟಿ-ಶರ್ಟಿನ ಹಿಂದೆ ಸುಮಾರು 2,700 ಲೀಟರು ನೀರಿರುತ್ತದೆಂದು ವಿಶ್ವ ವನ್ಯಜೀವಿ ನಿಧಿಯವರ ಲೆಕ್ಕ. 200 ಲೀಟರಿನ ಡ್ರಮ್ಮು ಹದಿಮೂರೂವರೆ! ನಲ್ಲಿಯ ನೀರಿಗೆ ದಿನ ಎಣಿಸುವ ನಮ್ಮಂಥವರ ಮನೆಯಲ್ಲಿ ಅಂಥ ಮೂವತ್ತೊಂದು ಬಿದ್ದಿದ್ದವು. ಇದನ್ನು ಅತ್ತೆಯವರಿಗೆ ಹೇಳಿದರೆ, "ಅದಕ್ಕ ಹೊಲೀರಿ ಅಂತ ನಾ ಮೊದಲಿಂದ ಹೇಳ್ತೇನಿ" ಎಂದರು. ಕೌದಿಗೆ ಬರುವುದಿಲ್ಲವೆಂದು ಪಕ್ಕಕ್ಕಿಟ್ಟವರು ಯಾರೋ!

ಕಥೆ ಅಲ್ಲಿಗೆ ಮುಗಿಯಿತೆಂದುಕೊಂಡಿದ್ದೆ. ಯುಗಾದಿಗೆ ಬಂದ ಮಗನ ಕೈಯಲ್ಲಿ ಇನ್ನೊಂದು ಚೀಲವಿತ್ತು. ಗೆಳೆಯನ ಊರಿಗೆ ಹೋಗಿದ್ದನಂತೆ, ಬಾಗಲಕೋಟೆಯ ಕಡೆ. ಕೌದಿಯ ಫೋಟೋವನ್ನು ಅವನ ತಾಯಿಗೆ ತೋರಿಸಿದನಂತೆ. ಆಕೆ ಎದ್ದುಹೋಗಿ ಟ್ರಂಕು ತೆಗೆದು, ಎರಡು ವರ್ಷದಿಂದ ಯಾರಿಗೂ ಮುಟ್ಟಗೊಡದಿದ್ದ ಒಂಬತ್ತು ಟಿ-ಶರ್ಟು ತಂದು ಇವನ ಕೈಯಲ್ಲಿಟ್ಟರಂತೆ. "ಅಮ್ಮಾ, ಇದನ್ನೂ ಹೊಲೀತೀಯಾ?" ಎಂದ.

ನಮ್ಮ ಪಕ್ಕದ ಮನೆಯವರಿಗೆ ಇದು ಸರಿಬರಲಿಲ್ಲ. ಹೋದವರ ಬಟ್ಟೆಯನ್ನು ಮನೆಯೊಳಗೆ ಇಟ್ಟುಕೊಳ್ಳಬಾರದು, ಹೊಳೆಗೆ ಬಿಡಬೇಕು, ಬದುಕಿದವರು ಹೊದೆಯುವುದುಂಟೆ ಎಂದರು. ನಾನು ಉತ್ತರ ಹುಡುಕುತ್ತಿದ್ದೆ. ಅತ್ತೆಯವರು ಮಲಗಿದ್ದಲ್ಲಿಂದಲೇ ತಮ್ಮ ಕೌದಿಯ ಅಂಚನ್ನು ಎತ್ತಿ ತೋರಿಸಿದರು. "ಇದರಾಗ ಇವರ ಮಾವನ ಧೋತ್ರ ಐತಿ ನೋಡವಾ. ಇಪ್ಪತ್ತು ವರ್ಷ ಆತು, ಹೊದ್ಕೊಂಡ ಮಲಗೀನಿ. ಏನಾಗೇತಿ ನನಗ?" ಇಷ್ಟು ವರ್ಷ ಆ ಕೌದಿಯನ್ನು ಬಿಸಿಲಿಗೆ ಹಾಕಿ ತೆಗೆದವಳು ನಾನು. ಅದರೊಳಗೆ ಏನಿದೆಯೆಂದು ನನಗೂ ಅಂದೇ ತಿಳಿದದ್ದು.

ಹೊಲಿಯುವ ಮೊದಲು ಎಲ್ಲವನ್ನೂ ಒಗೆಯಬೇಕೆಂಬುದು ನಿಯಮ. ಒಗೆಯದೆ ಹೊಲಿದರೆ ಆಮೇಲೆ ಒಂದು ಕುಗ್ಗಿ, ಒಂದು ಕುಗ್ಗದೆ ಕೌದಿ ಸೊಟ್ಟಗಾಗುತ್ತದೆ, ಬಣ್ಣ ಬಿಡುವುದಿದ್ದರೆ ಪಕ್ಕದ್ದಕ್ಕೂ ಹತ್ತುತ್ತದೆ. ಬಕೀಟಿಗೆ ನೀರು ತುಂಬಿ ಚೀಲ ಬಿಚ್ಚಿದೆ. ಬಿಚ್ಚಿದವಳು ಹಾಗೇ ಕೂತೆ. ಈ ಸಲವಾದರೂ ಕೇಳಬೇಕೆನಿಸಿತು. ಆ ತಾಯಿಗೆ ಫೋನು ಹಚ್ಚಿದೆ.

"ಅಕ್ಕಾರ, ಇವನ್ನ ಒಗೆದು ಹೊಲೀಲೇನ್ರಿ, ಇದ್ದ ಹಾಗೇ ಹೊಲೀಲೇನ್ರಿ?"

ಆ ಕಡೆಯಿಂದ ಬಹಳ ಹೊತ್ತು ಮಾತಿಲ್ಲ. ಆಮೇಲೆ ಹೇಳಿದರು. "ಎಲ್ಲಾ ಒಗೀರಿ ಅಕ್ಕಾರ. ಆ ಕರೀದೊಂದು ಒಗೀಬ್ಯಾಡ್ರಿ. ಅದು ಅವತ್ತು ಮುಂಜಾನೆ ಗೂಟಕ್ಕ ಹಾಕಿ ಹೋಗಿದ್ದು."

ಎಂಟನ್ನು ಒಗೆದೆ. ಎಂಟಕ್ಕೆ ಹದಿನಾರು ಚೌಕ, ನಾಲ್ಕು ನಾಲ್ಕರ ಸಾಲು. ಈಗ ಮೂರು ಸಾಲು ಮುಗಿದಿದೆ. ಅತ್ತೆಯವರಿಗೆ ಸೂಜಿಯ ಕಣ್ಣು ಕಾಣುವುದಿಲ್ಲ, ಬೆಳಿಗ್ಗೆಯೇ ಹತ್ತು ಸೂಜಿಗೆ ದಾರ ಪೋಣಿಸಿ ದಿಂಬಿಗೆ ಚುಚ್ಚಿಟ್ಟರೆ ಅವರಿಗೆ ದಿನವೆಲ್ಲ ಆಗುತ್ತದೆ. ಕರಿಯದನ್ನು ಬಿಳಿ ಪಂಚೆಯಲ್ಲಿ ಸುತ್ತಿ ಬೇರೆ ಇಟ್ಟಿದ್ದೇನೆ. ನುಸಿಗುಳಿಗೆ ಹಾಕಿಲ್ಲ, ಅದರ ವಾಸನೆ ಇದಕ್ಕೆ ಹತ್ತೀತೆಂದು. ದಸರೆಯ ರಜೆಯಲ್ಲಿ ಮಗನ ಜೊತೆ ನಾನೇ ಹೋಗಿ ಎರಡನ್ನೂ ಕೊಟ್ಟು ಬರಬೇಕೆಂದಿದ್ದೇನೆ, ಗುರೆಳ್ಳು ಪುಡಿಯ ಒಂದು ಡಬ್ಬಿಯ ಜೊತೆಗೆ.